ಮೋಹಿನಿಯ ತುಟಿ

ಅವಳು ತೀರಿಕೊಂಡ ಮರುದಿನ ಪತ್ರಿಕೆಯ ಒಳಪುಟದಲ್ಲಿ ಐದು ಸಾಲಿನ ಸುದ್ದಿ ಬಂತು. ತುಳು ನಾಟಕಗಳ ಹಿರಿಯ ಕಲಾವಿದೆ, ಟಿವಿಯ ದೆವ್ವದ ಧಾರಾವಾಹಿಯ ಒಂದು ಕಂತಿನಲ್ಲಿ ಮೋಹಿನಿಯಾಗಿ ಜನಪ್ರಿಯರಾಗಿದ್ದರು, ಇತ್ಯಾದಿ. ಐದನೆಯ ಸಾಲು ಹೀಗಿತ್ತು: ಆ ಕಂತಿನ ಕತೆ ಅವರ ತಂಡದ ಯಜಮಾನರದ್ದು. ನಾನು ಚಹಾದ ಲೋಟ ಕೆಳಗಿಟ್ಟೆ. ಸತ್ತ ಮೇಲಾದರೂ ಬಿಡಬಾರದೇ ಈ ಮನುಷ್ಯ ಎಂದು ಮೈಯೆಲ್ಲ ಉರಿಯಿತು.

ನಾನು ಬರೆಯುವವನಲ್ಲ, ಬಣ್ಣ ಹಚ್ಚುವವನು. ಕುದ್ರೋಳಿಯಲ್ಲಿ ನನ್ನ ಮನೆಯ ಎದುರಿನ ಕೋಣೆ ತುಂಬ ವಿಗ್ಗು, ಗಡ್ಡ, ಕಿರೀಟ, ಹಳೆಯ ಕಾಲದ ಸೀರೆಗಳು. ಶಾಲಾ ವಾರ್ಷಿಕೋತ್ಸವದ ರಾಜಕುಮಾರರಿಂದ ಹಿಡಿದು ತುಳು ನಾಟಕದ ಕುಡುಕ ಗಂಡಂದಿರ ವರೆಗೆ ನಲವತ್ತು ವರ್ಷ ಜನರ ಮುಖ ಬರೆದಿದ್ದೇನೆ. ಕಾಗದದ ಮೇಲೆ ಬರೆಯುತ್ತಿರುವುದು ಇದೇ ಮೊದಲು. ಯಾರ ಹೆಸರನ್ನೂ ಹಾಕುವುದಿಲ್ಲ. ಯಜಮಾನರ ಹೆಸರು ಊರಿಗೇ ಗೊತ್ತು. ಅವಳ ಹೆಸರನ್ನು ನನ್ನ ಬಾಯಲ್ಲಿ ಎತ್ತಬಾರದೆಂದು ಅವಳೇ ಒಮ್ಮೆ ಹೇಳಿದ್ದಾಳೆ. ಅದಕ್ಕೆ ಕಾರಣವೂ ಇತ್ತು. ನಾವೆಲ್ಲ ಮಾತಾಡಿಕೊಂಡದ್ದು ತುಳುವಿನಲ್ಲಿ, ಓದುವವರಿಗೆ ಸುಲಭವಾಗಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮುಖ ಬರೆಸಿಕೊಳ್ಳಲು ಕೂತವರೆಲ್ಲ ಸಾಮಾನ್ಯವಾಗಿ ಕಣ್ಣು ಮುಚ್ಚುತ್ತಾರೆ. ಅವಳು ಮುಚ್ಚುತ್ತಿರಲಿಲ್ಲ. ಕಾಡಿಗೆಯ ಕಡ್ಡಿ ರೆಪ್ಪೆಗೆ ತಾಗುವಾಗಲೂ ಕಣ್ಣು ತೆರೆದೇ ಇರುತ್ತಿತ್ತು. ನೀರು ಇಳಿಯುತ್ತದೆ, ಬಣ್ಣ ಹಾಳಾಗುತ್ತದೆ ಎಂದು ನಾನು ಗದರಿದರೆ, "ಮೇಕಪ್ ಅಣ್ಣ, ಕಣ್ಣು ಮುಚ್ಚಿದ್ರೆ ಯಾರು ಎಂತ ಮಾಡ್ತಾರೆ ಅಂತ ಗೊತ್ತಾಗುದಿಲ್ಲ. ನೀವು ಬಣ್ಣ ಹಚ್ಚಿ, ನಾನು ಕಾವಲು ಇರ್ತೇನೆ" ಎನ್ನುತ್ತಿದ್ದಳು. ಗಂಡಸರೇ ತುಂಬಿದ ತಂಡದಲ್ಲಿ ಇಪ್ಪತ್ತು ವರ್ಷ ದುಡಿದ ಹೆಂಗಸಿನ ಮಾತು ಅದು. ತಮಾಷೆ ಎಂದುಕೊಂಡು ನಾನು ನಕ್ಕಿದ್ದೆ.

ಅವಳು ಚಂದದವಳೇ ಎಂದು ಈಗಲೂ ಕೆಲವರು ಕೇಳುತ್ತಾರೆ, ಮೋಹಿನಿ ಮಾಡಿದವಳಲ್ಲವೇ. ಹತ್ತಿರದಿಂದ ನೋಡಿದವನು ಹೇಳುತ್ತೇನೆ: ಮುಖದಲ್ಲಿ ಸಿಡುಬಿನ ಕಲೆಯಂಥ ಗುಳಿಗಳಿದ್ದವು, ಮೂಗು ಸ್ವಲ್ಪ ಚಪ್ಪಟೆ, ಮೈದಾನದ ನಾಟಕಗಳಲ್ಲಿ ಕೂಗಿ ಕೂಗಿ ಸ್ವರ ಬಿರುಕು ಬಿಟ್ಟಿತ್ತು. ಆದರೆ ಅವಳು ರಂಗದ ಮೇಲೆ ನಾಲ್ಕು ಹೆಜ್ಜೆ ನಡೆದರೆ ನೆಲಗಡಲೆ ತಿನ್ನುತ್ತಿದ್ದವರ ಕೈ ನಿಲ್ಲುತ್ತಿತ್ತು. ಸೊಂಟ ಬಳುಕಿಸುವುದಾಗಲಿ ಕಣ್ಣು ಹೊಡೆಯುವುದಾಗಲಿ ಇಲ್ಲ. "ಗಂಡಸರನ್ನು ಹಿಂದೆ ಕರೀಲಿಕ್ಕೆ ಕುಣಿಬೇಕು ಅಂತ ಇಲ್ಲ. ನಿಧಾನ ನಡೆದ್ರೆ ಸಾಕು. ಅವಸರ ಇಲ್ಲದ ಹೆಂಗಸನ್ನು ಅವರು ನೋಡಿಯೇ ಇರುದಿಲ್ಲ" ಎಂದು ಒಮ್ಮೆ ಹೇಳಿದಳು. ನಾನು ಅಂದು ಮನೆಗೆ ಹೋಗಿ ನನ್ನ ಹೆಂಡತಿ ನಡೆಯುವುದನ್ನು ನೋಡಿದೆ. ಅವಳು ಅಡುಗೆಮನೆಯಿಂದ ಬಾವಿಕಟ್ಟೆಗೆ ಓಡುತ್ತಿದ್ದಳು.

ಸೇಡು ಎಂಬುದು ಅವಳಿಗೆ ನಿತ್ಯದ ಕೆಲಸಗಳಲ್ಲಿ ಒಂದಾಗಿತ್ತು. ಬಟ್ಟೆ ಒಗೆದ ಹಾಗೆ, ಅಕ್ಕಿ ಆರಿಸಿದ ಹಾಗೆ. ಒಂದು ಊರಿನಲ್ಲಿ ನಾಟಕಕ್ಕೆ ಮುಂಚೆ ಸಂಘದ ಅಧ್ಯಕ್ಷರು ಕಲಾವಿದರಿಗೆಲ್ಲ ಹೂ ಕೊಟ್ಟರು. ಅವಳಿಗೆ ಕೊಡುವಾಗ ತೋಳನ್ನು ಚಿವುಟಿದರು. ಅವಳು ಹಲ್ಲು ಬಿಟ್ಟು ನಮಸ್ಕಾರ ಮಾಡಿ ಬಂದಳು. ನಮ್ಮ ನಾಟಕಗಳಲ್ಲಿ ಬರೆದ ಮಾತು ಅರ್ಧ, ಆ ಕ್ಷಣಕ್ಕೆ ಹುಟ್ಟುವ ಮಾತು ಅರ್ಧ. ಎರಡನೆಯ ದೃಶ್ಯದಲ್ಲಿ ಅವಳದು ಮೀನು ಮಾರುವವಳ ಪಾತ್ರ. ಬುಟ್ಟಿ ಇಳಿಸಿ ಶುರು ಮಾಡಿದಳು: ಇವತ್ತು ಒಂದು ಏಡಿ ಸಿಕ್ಕಿತು ಮಾರಾಯ್ರೇ, ಬಿಳಿ ಜುಬ್ಬ ಹಾಕಿದೆ, ಚಿನ್ನದ ಕಟ್ಟಿನ ಕನ್ನಡಕ ಉಂಟು, ಎದುರಿನ ಸಾಲಿನಲ್ಲೇ ಕೂತುಕೊಳ್ತದೆ, ಹೂ ಕೊಡುವ ನೆವದಲ್ಲಿ ಚಿವುಟ್ತದೆ. ಮೈದಾನ ಬಿದ್ದು ಬಿದ್ದು ನಕ್ಕಿತು. ಎದ್ದು ಹೋಗೋಣವೆಂದರೆ ಅಧ್ಯಕ್ಷರ ಕಾರಿಗೆ ಅಡ್ಡವಾಗಿ ಜನರ ಬೈಕುಗಳು. ಕೊನೆಯ ವರೆಗೂ ಅವರು ಅಲ್ಲೇ ಕೂತು ತಾವೂ ನಗಬೇಕಾಯಿತು.

ಇದೆಲ್ಲ ಯಾಕೆ, ದೇವರು ನೋಡಿಕೊಳ್ಳುತ್ತಾನೆ ಎಂದು ನಾನು ಬುದ್ಧಿ ಹೇಳಿದೆ. "ದೇವರಿಗೆ ಬೇರೆ ಕೆಲಸ ಉಂಟು ಅಣ್ಣ. ಇದು ನನ್ನ ಕೆಲಸ" ಎಂದಳು.

ನಮ್ಮ ಮನೆಗೆ ಅವಳು ಬರುತ್ತಿದ್ದದ್ದು ನನಗಾಗಿ ಅಲ್ಲ, ನನ್ನ ಅಕ್ಕನಿಗಾಗಿ. ಅಕ್ಕನಿಗೆ ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು. ಮಾತು ಉಳಿಯಿತು, ಆದರೆ ತನ್ನ ಸ್ವರ ತನಗೇ ಕೇಳದ್ದರಿಂದ ಏರಿಳಿತವಿಲ್ಲದೆ ದೊಡ್ಡದಾಗಿ ಬರುತ್ತದೆ. ಎದುರಿನವರ ತುಟಿ ನೋಡಿ ಎಲ್ಲವನ್ನೂ ತಿಳಿಯುತ್ತಾಳೆ, ಆದರೆ ತುಳುವಿನಲ್ಲಿ ಮಾತ್ರ. ಕನ್ನಡದಲ್ಲಿ ಮಾತಾಡಿದರೆ ಜನ ಬಾಯಿಯಲ್ಲಿ ಏನೋ ಜಗಿಯುತ್ತಿರುವಂತೆ ಕಾಣುತ್ತದಂತೆ. ಹೊಸ ನಾಟಕ ಬಂತೆಂದರೆ ಅವಳು ಮಧ್ಯಾಹ್ನ ಒಂದು ಬೊಂಡ, ಎಂದರೆ ಎಳನೀರು, ಹಿಡಿದು ಬಂದು ಅಕ್ಕನ ಎದುರು ಕೂತು ತನ್ನ ಮಾತುಗಳನ್ನೆಲ್ಲ ಸ್ವರವಿಲ್ಲದೆ ಹೇಳುತ್ತಿದ್ದಳು. ಅಕ್ಕ ಅದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಒಂದು ಶಬ್ದ ತಪ್ಪಿದರೂ ಮತ್ತೆ ಮೊದಲಿನಿಂದ. ಸ್ವರ ಇಲ್ಲದೆ ಅಕ್ಕನಿಗೆ ತಿಳಿದರೆ, ಸ್ವರ ಇದ್ದು ಮೈದಾನದ ಕೊನೆಯ ಸಾಲಿಗೆ ತಿಳಿಯದೆ ಇರುತ್ತದೆಯೇ ಎಂಬುದು ಅವಳ ಲೆಕ್ಕ. ಇಬ್ಬರೂ ಹೀಗೆ ಗಂಟೆಗಟ್ಟಲೆ ಕೂರುತ್ತಿದ್ದರು. ಒಬ್ಬಳ ಬಾಯಿ ಆಡುತ್ತಿದೆ, ಇನ್ನೊಬ್ಬಳ ಸ್ವರ ಬರುತ್ತಿದೆ. ನಾನು ಪಕ್ಕದಲ್ಲಿ ವಿಗ್ಗಿನ ಸಿಕ್ಕು ಬಿಡಿಸುತ್ತಿದ್ದೆ.

ಮೋಹಿನಿಯ ಕತೆ ಹುಟ್ಟಿದ್ದೂ ಆ ಕೋಣೆಯಲ್ಲೇ, ನನ್ನ ಕಣ್ಣೆದುರೇ. ಅವಳ ಅಮ್ಮ ಹೊಳೆ ಬದಿಯ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದವರು. ಅಲ್ಲಿ ಅವರನ್ನು ಮೂವತ್ತು ವರ್ಷ ಯಾರೂ ಹೆಸರು ಹಿಡಿದು ಕರೆದದ್ದಿಲ್ಲವಂತೆ. ಒಂದೋ ಬಿಲ್ಲೆಯ ನಂಬರು, ಇಲ್ಲವೇ "ಏ ಹೆಂಗಸೇ". ಆ ಕಾರ್ಖಾನೆ ಮುಚ್ಚಿದ ಮೇಲೆ ಅದರ ಚಿಮಣಿಯ ಬುಡದಲ್ಲಿ ಒಬ್ಬಳು ಮೋಹಿನಿ ನಿಲ್ಲುತ್ತಾಳೆ ಎಂಬುದು ಅವಳು ಕಟ್ಟಿದ ಕತೆ. ಸಂಜೆ ಆ ದಾರಿಯಲ್ಲಿ ಹೋಗುವ ಗಂಡಸರು ಅವಳ ಹಿಂದೆ ಹೋಗುತ್ತಾರೆ. ಏನೇನೋ ಮಾತು ಕೊಡುತ್ತಾರೆ. ಅವಳು ಪ್ರತಿಯೊಬ್ಬನಿಗೂ ಕಾಯುತ್ತಾಳೆ, ನಿನ್ನ ಹೆಸರೇನು ಎಂದು ಇವನಾದರೂ ಕೇಳುತ್ತಾನೋ ಎಂದು. ಕೇಳಿದವನು ಬದುಕುತ್ತಾನೆ. ಕೊನೆಯ ವರೆಗೂ ಯಾರೂ ಕೇಳುವುದಿಲ್ಲ.

ಸ್ವರವಿಲ್ಲದೆ ಆ ಕತೆಯನ್ನು ಅಕ್ಕನಿಗೆ ಹೇಳಿ ಮುಗಿಸಿದಾಗ ಅಕ್ಕ ತನ್ನ ದೊಡ್ಡ ಸ್ವರದಲ್ಲಿ, "ನಿನ್ನ ಅಮ್ಮನ ಹೆಸರು ಎಂತದು?" ಎಂದು ಕೇಳಿದಳು. ಅವಳು ಅಕ್ಕನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ನಾನು ಅವಳ ಕಣ್ಣೀರು ನೋಡಿದ್ದು ಅದೊಂದೇ ಸಲ.

ಉದ್ದ ಪುಸ್ತಕದಲ್ಲಿ ಪೆನ್ಸಿಲಿನಿಂದ ಅದನ್ನು ನಾಟಕ ಮಾಡಿ ಬರೆದಳು. ಏಳನೆಯ ತರಗತಿಯ ವರೆಗೆ ಓದಿದವಳ ಅಕ್ಷರ, ಇರುವೆ ಸಾಲಿನಂತೆ. ಯಜಮಾನರಿಗೆ ಓದಲು ಕೊಟ್ಟಳು. ಎರಡು ತಿಂಗಳ ನಂತರ ಹೊಸ ನಾಟಕದ ಕರಪತ್ರ ಅಚ್ಚಾಗಿ ಬಂತು. ರಚನೆ, ನಿರ್ದೇಶನ ಎರಡೂ ಯಜಮಾನರದ್ದು. ಅವಳದು ಪಾತ್ರವರ್ಗದಲ್ಲಿ ನಾಲ್ಕನೆಯ ಹೆಸರು.

ಅಂದು ಮೇಕಪ್ ಕೋಣೆಯಲ್ಲಿ ಯಜಮಾನರು ನನ್ನ ಎದುರು ಕೂತಿದ್ದರು. ನಾನು ಅವರಿಗೆ ಮೀಸೆ ಅಂಟಿಸುತ್ತಿದ್ದೆ. ಅವಳು ಕರಪತ್ರ ಹಿಡಿದು ಒಳಗೆ ಬಂದಳು.

"ಇದು ಎಂತ ಯಜಮಾನ್ರೇ?"

"ಎಂತ ಅಂದ್ರೆ? ತಂಡದಲ್ಲಿ ಆದದ್ದು ತಂಡದ್ದು. ತಂಡ ಯಾರದ್ದು?"

"ನನ್ನ ಅಮ್ಮ ತಂಡದಲ್ಲಿ ಹುಟ್ಟಿದ್ದಲ್ಲ."

ಯಜಮಾನರು ನಕ್ಕರು. "ನೀನು ಎಂತದೋ ಗೀಚಿ ಕೊಟ್ಟದ್ದು. ನಾಟಕ ಮಾಡಿದ್ದು ನಾನು. ಬೇಕಾದ್ರೆ ಯಾರನ್ನಾದ್ರೂ ಕೇಳು."

ಅವಳು ನನ್ನ ಕಡೆ ತಿರುಗಿದಳು. "ಮೇಕಪ್ ಅಣ್ಣ, ಇವರಿಗಿಂತ ಮೊದಲು ಕೇಳಿದವರು ನೀವು. ಹೇಳಿ."

ನನ್ನ ಬೆರಳು ಯಜಮಾನರ ಮೇಲ್ದುಟಿಯ ಮೇಲಿತ್ತು. ಬಾಯಿ ತೆರೆದು ಒಂದು ಮಾತು ಹೇಳಿದರೆ ಸಾಕಿತ್ತು. ಮಳೆಗಾಲ ಮುಗಿದು ಸೀಸನ್ ಶುರುವಾಗುವ ಹೊತ್ತು ಅದು, ಇಡೀ ವರ್ಷದ ನನ್ನ ಕೆಲಸ ಆ ತಂಡದಿಂದಲೇ ಬರಬೇಕು. ನಾನು ಹೇಳಿದ್ದು ಇಷ್ಟು: "ಗಮ್ ಒಣಗ್ಬೇಕು. ಇಬ್ರೂ ಮಾತಾಡ್ಬೇಡಿ, ಮೀಸೆ ಕಿತ್ತು ಬರ್ತದೆ."

ಮೀಸೆ ಚೆನ್ನಾಗಿ ಅಂಟಿತು. ಮೂರು ಗಂಟೆಯ ನಾಟಕದಲ್ಲಿ ಒಂದು ಕೂದಲೂ ಅಲುಗಲಿಲ್ಲ. ಅಂದಿನಿಂದ ಅವಳು ನನ್ನೊಂದಿಗೆ ಮಾತಾಡುವುದನ್ನು ಕಡಿಮೆ ಮಾಡಿದಳು. ಅಕ್ಕನ ಹತ್ತಿರ ಬರುವುದನ್ನು ಬಿಡಲಿಲ್ಲ. ತಂಡವನ್ನೂ ಬಿಡಲಿಲ್ಲ. ಯಾಕೆ ಬಿಡುವುದಿಲ್ಲ ಎಂದು ಯಾರೋ ಕೇಳಿದಾಗ, "ನಾನು ಬಿಟ್ರೆ ಮೋಹಿನಿ ಯಾರ ಕೈಗೆ ಹೋಗ್ತಾಳೆ?" ಎಂದಳಂತೆ.

ನಾಟಕ ಗೆದ್ದಿತು. ಎಷ್ಟು ಗೆದ್ದಿತೆಂದರೆ ಬೆಂಗಳೂರಿನ ಟಿವಿಯವರ ಕಿವಿಗೆ ಬಿತ್ತು. ವಾರಕ್ಕೊಂದು ದೆವ್ವದ ಕತೆ ತೋರಿಸುವ ಧಾರಾವಾಹಿ ಅವರದು, ಒಂದೊಂದು ವಾರವೂ ಹೊಸ ಕತೆ, ಹೊಸ ನಟರು. ಯಜಮಾನರು ಕತೆ ಕೊಟ್ಟರು. ಕತೆಗಾರ ಎಂದು ಅಲ್ಲೂ ತಮ್ಮ ಹೆಸರನ್ನೇ ಹಾಕಿಸಿದರು. ಟಿವಿಯವರು ಹೆಸರು ಕೇಳುವ ವಿಷಯವನ್ನೇ ತೆಗೆದುಬಿಟ್ಟರು. ಮೋಹಿನಿ ಶ್ರೀಮಂತರ ಮನೆಯ ಮಗಳಾದಳು, ಪ್ರೇಮದಲ್ಲಿ ಮೋಸಹೋದಳು, ಕೊನೆಗೆ ಮಂತ್ರವಾದಿ ಬಂದು ಅವಳ ತಲೆಗೆ ಮೊಳೆ ಹೊಡೆಯುತ್ತಾನೆ. ಆದರೆ ನಿರ್ದೇಶಕ ನಮ್ಮ ನಾಟಕ ನೋಡಿದ್ದ. ಮೋಹಿನಿಗೆ ಅವಳೇ ಬೇಕೆಂದು ಹಟ ಹಿಡಿದ.

ಶೂಟಿಂಗ್ ಆದದ್ದು ಒಂದು ಮುಚ್ಚಿದ ಹಂಚಿನ ಕಾರ್ಖಾನೆಯಲ್ಲಿ. ಅವಳ ಮುಖಕ್ಕೆ ನಾನೇ ಬಣ್ಣ ಹಚ್ಚಬೇಕೆಂದು ಯಜಮಾನರು ನನ್ನನ್ನೂ ಕರೆದೊಯ್ದಿದ್ದರು. ರಾತ್ರಿಯ ದೃಶ್ಯವನ್ನು ಮಧ್ಯಾಹ್ನ ಹನ್ನೆರಡು ಗಂಟೆಗೆ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ತೆಗೆಯುತ್ತಾರೆ ಎಂದು ನನಗೆ ಗೊತ್ತಾದದ್ದು ಅಲ್ಲಿಯೇ. ಒಳಗೆ ಉಸಿರು ಕಟ್ಟುವ ಸೆಕೆ. ತೆಂಗಿನೆಣ್ಣೆಯಲ್ಲಿ ಕಲಸಿದ ಬಿಳಿಪುಡಿ ಬೆವರಿಗೆ ಇಳಿಯುತ್ತಿತ್ತು. ನಾನು ಒರೆಸಿ ಒರೆಸಿ ಮತ್ತೆ ಹಚ್ಚುತ್ತಿದ್ದೆ. ಅವಳು ಕಣ್ಣು ತೆರೆದೇ ಕೂತಿದ್ದಳು, ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ.

ನಿರ್ದೇಶಕ ಬಂದ. ಸಣ್ಣ ಪ್ರಾಯದವನು, ಕೆಟ್ಟವನೇನಲ್ಲ. "ಮೇಡಂ, ನಿಮ್ಮ ಕಣ್ಣು ಸೂಪರ್. ವಾಯ್ಸ್ ಮಾತ್ರ ಬೇರೆಯವರ ಹತ್ರ ಮಾಡಿಸ್ತೀವಿ. ಡೈಲಾಗ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಒನ್ ಟೂ ತ್ರೀ ಅಂತ ಹೇಳ್ತಾ ಹೋಗಿ, ತುಟಿ ಅಲ್ಲಾಡಿದ್ರೆ ಸಾಕು, ನಾವು ಕೂರಿಸ್ಕೋತೀವಿ."

"ಎಂತಕ್ಕೆ? ನನ್ನ ಸ್ವರಕ್ಕೆ ಎಂತ ಆಗಿದೆ?"

"ಹಂಗಲ್ಲ ಮೇಡಂ. ಮೋಹಿನಿ ಮಂಗಳೂರು ಕನ್ನಡದಲ್ಲಿ ಮಾತಾಡಿದ್ರೆ ಜನ ನಕ್ಬಿಡ್ತಾರೆ."

ಅವಳ ಕೆನ್ನೆ ನನ್ನ ಬೆರಳಿನ ಕೆಳಗೆ ಬಿಗಿಯಾಯಿತು. ಅಮ್ಮನ ಕತೆ ಹೋಯಿತು, ಹೆಸರು ಹೋಯಿತು, ಈಗ ಸ್ವರ. ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ನಕ್ಕಳು. "ಸರಿ. ಎಷ್ಟರ ವರೆಗೆ ಎಣಿಸ್ಬೇಕು?" ಎಂದು ಕೇಳಿದಳು.

ಬಾಗಿಲಿನಷ್ಟು ದೊಡ್ಡ ಫ್ಯಾನು ತಂದಿಟ್ಟರು, ಕೂದಲು ಹಾರಲಿಕ್ಕೆ. ಅದನ್ನು ಹಾಕಿದರೆ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಅದರ ಎದುರು ಬಿಳಿ ಸೀರೆ ಉಟ್ಟು ನಿಂತು, ಕ್ಯಾಮೆರಾದ ಕಣ್ಣಿಗೆ ಕಣ್ಣು ಕೊಟ್ಟು, ನಿಧಾನವಾಗಿ ತುಟಿ ಅಲುಗಾಡಿಸಿದಳು. ನಾನು ಹತ್ತು ಹೆಜ್ಜೆ ದೂರದಲ್ಲಿ ಪೌಡರಿನ ಪಫ್ ಹಿಡಿದು ನಿಂತಿದ್ದೆ. ಎಣಿಸುತ್ತಿದ್ದಾಳೆ ಎಂದೇ ತಿಳಿದೆ. ಸುತ್ತ ಇದ್ದವರೆಲ್ಲ ಬೆಂಗಳೂರಿನವರು. ಯಜಮಾನರು ಹೊರಗೆ ಊಟದ ಮೇಜಿನ ಹತ್ತಿರ ಇದ್ದರು. ನಿರ್ದೇಶಕ ಚಪ್ಪಾಳೆ ತಟ್ಟಿದ.

ಆ ಕಂತು ಪ್ರಸಾರವಾದ ಮುಂದಿನ ಭಾನುವಾರ ದೇರೆಬೈಲಿನ ಒಂದು ಸಭಾಂಗಣದಲ್ಲಿ ಯಜಮಾನರು ತಮಗೆ ಸನ್ಮಾನ ಇಟ್ಟುಕೊಂಡರು. ಮಾಡಿದ್ದು ಅಭಿಮಾನಿ ಬಳಗ ಎಂದು ಬ್ಯಾನರಿನಲ್ಲಿತ್ತು. ಬ್ಯಾನರ್ ಬರೆಸಿದವರು ಯಾರೆಂದು ನಮಗೆ ಗೊತ್ತಿತ್ತು. ಮಧ್ಯಾಹ್ನದ ಊಟ, ಊಟದ ನಂತರ ದೊಡ್ಡ ಪರದೆಯ ಮೇಲೆ ಆ ಕಂತು. ಪೇಟ, ಶಾಲು, ಹಣ್ಣಿನ ಬುಟ್ಟಿಯ ಸಮೇತ ಯಜಮಾನರು ವೇದಿಕೆಯಲ್ಲೇ ಕೂತು ನೋಡುವುದು. ಅಕ್ಕ ಇಂಥಲ್ಲಿಗೆಲ್ಲ ಬರುವವಳಲ್ಲ. ಅಂದು ಅವಳೇ ರಿಕ್ಷಾ ತಂದು ಅಕ್ಕನನ್ನು ಕರೆದುಕೊಂಡು ಹೋಗಿ ಎದುರಿನ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು. ನಾನು ಎರಡು ಸಾಲು ಹಿಂದೆ ಇದ್ದೆ.

ಪರದೆಯ ತುಂಬ ಅವಳ ಮುಖ ಬಂತು. ಕೂದಲು ಹಾರುತ್ತಿದೆ. ಬೆಂಗಳೂರಿನ ಯಾವುದೋ ಹುಡುಗಿಯ ಜೇನಿನಂಥ ಸ್ವರ, "ಬಾ... ಎಷ್ಟು ಕಾಲದಿಂದ ನಿನಗಾಗಿ ಕಾಯ್ತಿದ್ದೀನಿ" ಎನ್ನುತ್ತಿದೆ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ಆಗ ಎದುರಿನ ಸಾಲಿನಿಂದ ಅಕ್ಕನ ಸ್ವರ ಎದ್ದಿತು. ಏರಿಳಿತವಿಲ್ಲದೆ, ಸಭಾಂಗಣದ ಮೂಲೆಮೂಲೆಗೂ ಕೇಳುವಂತೆ. "ಉಂದು ಎನ್ನ ಕತೆ. ಯಜಮಾನೆ ಕಳುವೆ."

ಇದು ನನ್ನ ಕತೆ. ಯಜಮಾನ ಕಳ್ಳ.

ಎಷ್ಟೋ ಮಧ್ಯಾಹ್ನ ನನ್ನ ಕೋಣೆಯಲ್ಲಿ ಮಾಡಿದ ಹಾಗೆಯೇ ಅಕ್ಕ ಅವಳ ತುಟಿ ನೋಡಿ ತಿರುಗಿ ಹೇಳಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಯಜಮಾನರ ಕೈ ತಾನಾಗಿ ಹೋಗಿ ಹೆಗಲಿನ ಶಾಲನ್ನು ಸರಿಮಾಡಿತು. ಆಮೇಲೆ ಅವರು ಮೈಕ್ ಎಳೆದುಕೊಂಡು ನನ್ನ ಕಡೆ ನೋಡಿ ನಕ್ಕರು. "ಎಂತ ಮಾರಾಯ, ನಿನ್ನ ಅಕ್ಕ ಎಂತ ಹೇಳುದು? ಏನಾದ್ರೂ ಗೊತ್ತುಂಟಾ ನಿನಗೆ?"

ಇಡೀ ಸಭೆ ನನ್ನ ಕಡೆ ತಿರುಗಿತು. ಅಕ್ಕನೂ ತಿರುಗಿದಳು. ಈ ಸಲ ಗಮ್ ಇರಲಿಲ್ಲ, ಮೀಸೆ ಇರಲಿಲ್ಲ. ನಾನು ಎದ್ದು ನಿಂತು ತುಳುವಿನಲ್ಲೇ ಹೇಳಿದೆ: "ಅವಳಿಗೆ ಕಿವಿ ಕೇಳುದಿಲ್ಲ ಯಜಮಾನ್ರೇ. ಬಾಯಿಗೆ ಬಂದದ್ದು ಹೇಳ್ತಾಳೆ. ನೀವು ಬೇಜಾರು ಮಾಡ್ಬೇಡಿ."

ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಮಾತು ಮುಗಿಸಿದ ಮೇಲೂ ಒಂದು ಗಳಿಗೆ ನೋಡಿದಳು. ಮತ್ತೆ ಸೆರಗು ಸರಿಮಾಡಿಕೊಂಡು ಎದ್ದಳು. ಅವಳು ಅಕ್ಕನ ಕೈ ಹಿಡಿದು ನನ್ನ ಸಾಲಿನ ಬಳಿ ಬಂದು ನಿಂತು, ಮೆಲ್ಲಗೆ, ಬಹುಶಃ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು: "ಮೇಕಪ್ ಅಣ್ಣ, ನೀವೂ ಡಬ್ಬಿಂಗ್ ಮಾಡಿದ್ರಲ್ಲ. ಇನ್ನು ನನ್ನ ಹೆಸರು ನಿಮ್ಮ ಬಾಯಲ್ಲಿ ಬರ್ಬಾರ್ದು."

ನಾನು ಉಳಿಸಿದೆ ಎಂದುಕೊಂಡ ಯಜಮಾನರು ಉಳಿಯಲಿಲ್ಲ. ಸಭೆಯಲ್ಲಿದ್ದ ಯಾರೋ ಆ ದೃಶ್ಯವನ್ನು ಮಾತ್ರ ಕತ್ತರಿಸಿ, ಸ್ವರ ತೆಗೆದು, ಮೊಬೈಲಿನಲ್ಲಿ ಕಳಿಸಿದರು. ಒಮ್ಮೆ ಹೇಳಿಕೊಟ್ಟ ಮೇಲೆ ತುಳು ಬರುವ ಯಾರಿಗೂ ಆ ತುಟಿ ಓದಲು ಕಷ್ಟವಿರಲಿಲ್ಲ. ಕಾಟಿಪಳ್ಳದಿಂದ ಕಾಸರಗೋಡಿನ ವರೆಗೆ ಹೋಯಿತು. ಮುಂದಿನ ನಾಟಕದಲ್ಲಿ ಯಜಮಾನರು ರಂಗಕ್ಕೆ ಬಂದಾಗ ಹಿಂದಿನ ಸಾಲಿನವರು ಸೀಟಿ ಹೊಡೆಯಲಿಲ್ಲ, ಕೂಗಲಿಲ್ಲ. ಸುಮ್ಮನೆ ಕೂತು ಬಾಯಿ ಆಡಿಸಿದರು. ಯಜಮಾನೆ ಕಳುವೆ. ಸ್ವರವೇ ಇಲ್ಲ. ಬೈದರೆ ತಿರುಗಿ ಬೈಯಬಹುದು, ನೂರು ಜನ ಸುಮ್ಮನೆ ತುಟಿ ಆಡಿಸಿದರೆ ಏನು ಮಾಡುವುದು? ಯಜಮಾನರು ಮಾತು ಮರೆತರು. ಅದರ ಮುಂದಿನ ಊರಿನಲ್ಲೂ ಹಾಗೆಯೇ ಆಯಿತು. ವರ್ಷ ಮುಗಿಯುವುದರೊಳಗೆ ಅವರು ಬಣ್ಣ ಹಚ್ಚುವುದನ್ನೇ ಬಿಟ್ಟರು.

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಬೆಂಕಿ ಅವರ ಮನೆಗೆ ಬಿದ್ದಿತ್ತು, ನಾನು ದೂರ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದೆ. ನನ್ನ ಹೆಸರನ್ನು ಯಾರೂ ಹೇಳಿರಲಿಲ್ಲವಲ್ಲ. ಮನೆಯಲ್ಲಿ ಮಾತ್ರ ಅಕ್ಕ ನನ್ನ ಬಾಯಿ ನೋಡುವುದನ್ನು ನಿಲ್ಲಿಸಿದಳು. ನಾನು ಮಾತಾಡಿದರೆ ಅವಳು ನನ್ನ ಕೈಯನ್ನೋ ಗೋಡೆಯನ್ನೋ ನೋಡುತ್ತಾಳೆ. ಕಿವಿ ಕೇಳದವಳಿಗೆ ಒಬ್ಬನೊಂದಿಗೆ ಮಾತು ಬಿಡಲು ಅಷ್ಟು ಸಾಕು. ಊಟ ಬಡಿಸುತ್ತಾಳೆ, ಬಟ್ಟೆ ಮಡಿಸಿ ಇಡುತ್ತಾಳೆ. ನಾಲ್ಕು ವರ್ಷದಿಂದ ನನ್ನ ಒಂದು ಮಾತನ್ನೂ ಅವಳು ಕೇಳಿಲ್ಲ.

ಮೋಹಿನಿ ಮಾಡಿದವಳು ಆ ಸನ್ಮಾನದ ನಂತರ ತಂಡ ಬಿಟ್ಟು ಸುರತ್ಕಲ್ ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ ಬಣ್ಣದ ಪೆಟ್ಟಿಗೆ ಹಿಡಿದು ಕಾಟಿಪಳ್ಳದ ಒಂದು ಶಾಲೆಗೆ ಹೋದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಸರು ಕೇಳುತ್ತಿದ್ದಳು. ಮೆಲ್ಲಗೆ ಹೇಳಿದವರಿಗೆ ಇನ್ನೊಮ್ಮೆ ಹೇಳಿಸುತ್ತಿದ್ದಳು. ನಾನು ಗೇಟಿನಲ್ಲಿ ನಿಂತದ್ದನ್ನು ನೋಡಿ ಹತ್ತಿರ ಬಂದಳು. ಬಹಳ ಬಡವಾಗಿದ್ದಳು, ಕಣ್ಣು ಮಾತ್ರ ಹಾಗೆಯೇ ಇತ್ತು. "ನಮ್ಮ ಮಕ್ಕಳಿಗೆ ಬಣ್ಣ ಬೇಡ. ಅವರವರ ಮುಖ ಇದ್ದ ಹಾಗೇ ಇರ್ಲಿ" ಎಂದಳು. ಒಳಗೆ ಬನ್ನಿ ಎನ್ನಲಿಲ್ಲ. ಬಿಸಿಲಿನಲ್ಲಿ ಬಂದವನಿಗೆ ಒಂದು ಲೋಟ ನೀರು ಬೇಕೇ ಎಂದೂ ಕೇಳಲಿಲ್ಲ. ನಾನು ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದೆ. ಕ್ಷಮಿಸುವವಳು ಎಂದು ನಾನೇಕೆ ಲೆಕ್ಕ ಹಾಕಿದ್ದೆನೋ. ಅವಳನ್ನು ಅಷ್ಟು ವರ್ಷ ನೋಡಿದವನು ನಾನು.

ಕಳೆದ ತಿಂಗಳು ಹೃದಯ ನಿಂತು ಹೋದಳು. ಅಕ್ಕ ಒಬ್ಬಳೇ ರಿಕ್ಷಾ ಮಾಡಿಕೊಂಡು ಹೋಗಿ ಬಂದಳು. ಹೋಗುವಾಗ ನನ್ನನ್ನು ಎಬ್ಬಿಸಲಿಲ್ಲ.

ಮೊನ್ನೆ ಯಜಮಾನರು ಫೋನ್ ಮಾಡಿದರು. ಅವಳಿಗೆ ನುಡಿನಮನ ಇಟ್ಟಿದ್ದಾರಂತೆ, ಅಧ್ಯಕ್ಷತೆ ಅವರದೇ. ಸತ್ತವಳ ಹೆಗಲ ಮೇಲೆ ಕೈಯಿಟ್ಟು ಮತ್ತೆ ವೇದಿಕೆ ಹತ್ತುವ ಹುನ್ನಾರ. "ನೀನು ಎರಡು ಮಾತಾಡ್ಬೇಕು ಮಾರಾಯ. ಬರ್ಕೊಂಡು ಬಂದು ಓದು. ಹಳೇದೆಲ್ಲ ಬೇಡ, ಸತ್ತವರ ಬಗ್ಗೆ ಒಳ್ಳೇದೇ ಹೇಳ್ಬೇಕು" ಎಂದರು. ಆಯಿತು ಎಂದೆ. ಪತ್ರಿಕೆಯ ಆ ಐದನೆಯ ಸಾಲನ್ನು ಓದಿದ ದಿನದಿಂದ ನನಗೂ ಒಂದು ಮೈಕ್ ಬೇಕಾಗಿತ್ತು. ಇಷ್ಟು ಹೊತ್ತು ನೀವು ಓದಿದ್ದು ಅಲ್ಲಿ ಓದಲೆಂದು ಬರೆದದ್ದು.

ಬರೆಯುವಾಗ ಅವಳ ಮಾತು ಒಂದಕ್ಷರ ಹೆಚ್ಚುಕಡಿಮೆ ಆಗಬಾರದೆನಿಸಿತು. ನಿನ್ನೆ ಬೆಳಿಗ್ಗೆ ಮೊಬೈಲಿನಲ್ಲಿ ಆ ಕಂತನ್ನು ಹಾಕಿ ಅಕ್ಕನ ಎದುರು ಹಿಡಿದೆ. ತುಂಡು ಮಾಡಿದ್ದಲ್ಲ, ಪೂರ್ತಿ ಕಂತು. ಅವಳ ಮುಖ ಬಂದ ಕೂಡಲೇ ಅಕ್ಕ ಮೊಬೈಲನ್ನು ಹತ್ತಿರ ಎಳೆದುಕೊಂಡಳು. ಇದು ನನ್ನ ಕತೆ, ಯಜಮಾನ ಕಳ್ಳ ಎಂದು ಓದಿದಳು. ಅಲ್ಲಿಗೆ ನಿಲ್ಲಿಸಿದಳು. ಆದರೆ ಪರದೆಯ ಮೇಲೆ ಅವಳ ಬಾಯಿ ನಿಂತಿರಲಿಲ್ಲ. ಮುಖ ಪಕ್ಕಕ್ಕೆ ತಿರುಗುತ್ತಿದೆ, ಕೂದಲು ತುಟಿಯ ಮೇಲೆ ಹಾರುತ್ತಿದೆ, ಅದರ ಎಡೆಯಲ್ಲಿ ಇನ್ನೂ ಏನೋ ಹೇಳುತ್ತಿದ್ದಾಳೆ. ನಾನು ಅದನ್ನು ಹಿಂದೆ ಗಮನಿಸಿಯೇ ಇರಲಿಲ್ಲ. ಅಕ್ಕನ ಗದ್ದ ಹಿಡಿದು ನನ್ನ ಕಡೆ ತಿರುಗಿಸಿ, "ಇಲ್ಲಿ ಎಂತ ಹೇಳಿದ್ದಾಳೆ?" ಎಂದು ಕೇಳಿದೆ. ನಾಲ್ಕು ವರ್ಷದ ನಂತರ ಅಕ್ಕ ನನ್ನ ಬಾಯಿ ನೋಡಿದಳು.

"ಮೇಕಪ್‌ನವನಿಗೆ ಗೊತ್ತುಂಟು. ಅವ ಹೇಳುದಿಲ್ಲ" ಎಂದು ಓದಿದಳು.

ಫ್ಯಾನಿನ ಗಾಳಿಯಲ್ಲಿ ನಿಂತು, ಹತ್ತು ಹೆಜ್ಜೆ ದೂರದಲ್ಲಿ ಪಫ್ ಹಿಡಿದಿದ್ದ ನನ್ನ ಕಡೆಗೆ ಮುಖ ತಿರುಗಿಸಿ ಹೇಳಿದ್ದು. ಸಭಾಂಗಣದಲ್ಲಿ ನಾನು ಎದ್ದು ನಿಲ್ಲುವ ಎಷ್ಟೋ ಮೊದಲು.

"ಅವತ್ತು ಎಲ್ಲರೆದುರು ಯಾಕೆ ಇದನ್ನು ಓದ್ಲಿಲ್ಲ, ಅಕ್ಕ?"

"ನೀನು ಹೇಳ್ತೀ ಅಂತ ಗ್ರಹಿಸಿದ್ದೆ" ಎಂದಳು ಅಕ್ಕ. "ಅವಳು ಹೇಳಿದ್ದು ಸುಳ್ಳಾಗ್ತದೆ ಅಂತ."

ಆಮೇಲೆ ನಾನು ಬರೆದಿಟ್ಟ ಹಾಳೆಗಳನ್ನು ಅಕ್ಕ ಕೈಗೆತ್ತಿಕೊಂಡು ಮಗುಚಿ ನೋಡಿದಳು. ಅವಳಿಗೆ ಓದು ಬಾರದು. ಎಷ್ಟು ಹಾಳೆ ಎಂದು ಬೆರಳಲ್ಲೇ ಕೇಳಿದಳು, ಹೇಳಿದೆ. ಇದರಲ್ಲಿ ನೀನು ಇದ್ದೀಯಾ ಎಂದು ಕೇಳಿದಳು. ಇದ್ದೇನೆ ಎಂದೆ. ಹಾಳೆಗಳನ್ನು ಜೋಡಿಸಿ ನನ್ನ ಮಡಿಲಲ್ಲಿಟ್ಟಳು.

"ತುಳುವಿನಲ್ಲಿ ಓದು, ಬಾಯಿ ದೊಡ್ಡ ಮಾಡಿ ಓದು. ನಾನು ಎದುರಿನ ಸಾಲಿನಲ್ಲಿ ಕೂತಿರ್ತೇನೆ. ನೀನು ಬಿಟ್ಟದ್ದನ್ನು ಈ ಸಲ ನಾನು ಹೇಳ್ತೇನೆ."